ಏರಿದ್ದು ಸಿಟ್ಟೋ, ಬಿ.ಪಿ.ಯೋ?

ಬಿ.ಪಿ. ಎಂಬ ಎರಡಕ್ಷರ ನಮ್ಮ ದಿನದ ಮಾತಿನಲ್ಲಿ ಈಗ ಒಂದು ಮನಃಸ್ಥಿತಿಯ ಹೆಸರಾಗಿಬಿಟ್ಟಿದೆ. ಮಗ ಕಡಿಮೆ ಅಂಕ ತಂದರೆ ಅಪ್ಪನ ಬಿ.ಪಿ. ಏರುತ್ತದೆ. ಕ್ರಿಕೆಟ್ಟಿನ ಕೊನೆಯ ಓವರು ಬಂದರೆ ಊರಿಗೆ ಊರೇ ಬಿ.ಪಿ. ಏರಿಸಿಕೊಂಡು ಕೂರುತ್ತದೆ. "ಸುಮ್ಮನೆ ನನ್ನ ಬಿ.ಪಿ. ರೈಸ್ ಮಾಡಬೇಡ ಮಾರಾಯ" ಎಂದು ಗೆಳೆಯನನ್ನು ಗದರಿಸುವವರ ಬಿ.ಪಿ.ಯನ್ನು ಯಾರೂ ಒಮ್ಮೆಯೂ ಅಳೆದಿರುವುದಿಲ್ಲ. ಕೇಳಲು ತಮಾಷೆಯಾದ ಈ ಮಾತಿನೊಳಗೆ ಮೂರು ನಂಬಿಕೆಗಳು ಅಡಗಿ ಕೂತಿವೆ: ರಕ್ತದೊತ್ತಡ ಏರಿದರೆ ನಮಗೆ ಗೊತ್ತಾಗುತ್ತದೆ, ಸಿಟ್ಟು ಇಳಿದರೆ ಅದೂ ಇಳಿಯುತ್ತದೆ, ಶಾಂತ ಸ್ವಭಾವದವರಿಗೆ ಅದು ಬರುವುದಿಲ್ಲ. ಮೂರೂ ತಪ್ಪು. ಅಧಿಕ ರಕ್ತದೊತ್ತಡದಿಂದ ಆಗುವ ಅನಾಹುತಗಳನ್ನು ತಗ್ಗಿಸುವುದಕ್ಕೆ ಔಷಧಿ ಇಲ್ಲವೆಂಬ ಕೊರತೆ ಇಂದು ಇಲ್ಲ. ಒತ್ತಡವನ್ನು ನಮ್ಮ ಅನಿಸಿಕೆಯಿಂದ ಅಳೆಯುವ ಅಭ್ಯಾಸವೇ ದೊಡ್ಡ ಅಡ್ಡಿ. ಇವತ್ತಿನ ನನ್ನ ಮಾತೆಲ್ಲ ಇದನ್ನು ಕುರಿತೇ.

ಸಿಟ್ಟು ಬಂದಾಗ ಒತ್ತಡ ಏರುವುದು ಸುಳ್ಳೇನಲ್ಲ. ಮಹಡಿಯ ಮೆಟ್ಟಿಲು ಹತ್ತಿದರೂ ಏರುತ್ತದೆ, ಬಸ್ಸಿನ ಹಿಂದೆ ಓಡಿದರೂ ಏರುತ್ತದೆ, ಆಮೇಲೆ ಇಳಿಯುತ್ತದೆ. ವೈದ್ಯರಿಗೆ ಆತಂಕವಿರುವುದು ಆ ಏರಿಳಿತದ ಬಗ್ಗೆಯಲ್ಲ. ಜಗಲಿಯ ಮೇಲೆ ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವಾಗಲೂ ಇಳಿಯದೆ ನಿಂತ ಒತ್ತಡದ ಬಗ್ಗೆ. 120 ಎಂಬ ಅಂಕಿ ಎಂದರೆ ಏನು? ಹೃದಯ ಹಿಂಡಿಕೊಂಡಾಗ ರಕ್ತನಾಳದೊಳಗಿನ ಒತ್ತಡ 120 ಮಿಲಿಮೀಟರ್ ಎತ್ತರದ ಪಾದರಸವನ್ನು ಎತ್ತಿ ಹಿಡಿಯಬಲ್ಲದು ಎಂದರ್ಥ. ಪಾದರಸ ಭಾರವಾದದ್ದು. ಅದರ ಬದಲು ರಕ್ತದ್ದೇ ಕೊಳವೆ ನಿಲ್ಲಿಸಿದರೆ ಅದು ಸುಮಾರು ಐದು ಅಡಿ ಮೇಲೇರುತ್ತದೆ. 180 ಇರುವವರಲ್ಲಿ ಏಳೂವರೆ ಅಡಿ ದಾಟುತ್ತದೆ, ಅಂದರೆ ಬಾಗಿಲಿನ ಚೌಕಟ್ಟಿಗಿಂತ ಎತ್ತರ. ಆ ಏಟು ದಿನಕ್ಕೆ ಸುಮಾರು ಒಂದು ಲಕ್ಷ ಸಲ, ಮಿದುಳಿನ ಕೂದಲೆಳೆಯಂಥ ನಾಳಗಳಿಗೆ, ಕಣ್ಣಿನ ಹಿಂದಿನ ಪರದೆಗೆ, ಕಿಡ್ನಿಯ ಜರಡಿಗಳಿಗೆ ಬೀಳುತ್ತದೆ. ನಾಳದ ಗೋಡೆಯಲ್ಲಿ ಈ ಏಟನ್ನು ನಮಗೆ ತಿಳಿಸಿಕೊಡುವ ನೋವಿನ ನರವಿಲ್ಲ. ಹಲ್ಲು ಹುಳುಕಾದರೆ ರಾತ್ರಿಯೆಲ್ಲ ನಿದ್ದೆಗೆಡಿಸುತ್ತದೆ. ರಕ್ತನಾಳ ಹತ್ತು ವರ್ಷ ಸವೆದರೂ ಸದ್ದು ಮಾಡುವುದಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ನೀರು ಬಾಯಿಯ ಒಂದು ಕಡೆಯಿಂದ ಸೋರಿತು, ಕೈಯಿಂದ ಚೊಂಬು ಜಾರಿತು, ಆಗ ಮನೆಯವರು "ಲಕ್ವ ಹೊಡೆದಿದೆ" ಎನ್ನುತ್ತಾರೆ. ಆ ಮನುಷ್ಯ ಹಿಂದಿನ ದಿನದ ತನಕ ಆರೋಗ್ಯವಾಗಿಯೇ ಇದ್ದ ಎಂದು ಎಲ್ಲರೂ ಪ್ರಾಮಾಣಿಕವಾಗಿ ನಂಬಿರುತ್ತಾರೆ.

ಈ ರೋಗಕ್ಕೆ ನೆಚ್ಚಬಹುದಾದ ಮದ್ದೇ ಇಲ್ಲದ ಕಾಲವೊಂದಿತ್ತು, ಅದು ತೀರ ಹಳೆಯದೂ ಅಲ್ಲ. 1927ರ ಮಾರ್ಚಿನಲ್ಲಿ ಪ್ರವಾಸದ ನಡುವೆ ಗಾಂಧೀಜಿಯವರ ಆರೋಗ್ಯ ಕುಸಿಯಿತು. ರಕ್ತದೊತ್ತಡ ಹೆಚ್ಚಾಗಿದೆ, ಪೂರ್ಣ ವಿಶ್ರಾಂತಿ ಬೇಕು ಎಂದರು ವೈದ್ಯರು. ಏಪ್ರಿಲಿನಲ್ಲಿ ಅವರನ್ನು ನಂದಿ ಬೆಟ್ಟಕ್ಕೆ ಕರೆತಂದರು. 1936ರ ಮೇ ತಿಂಗಳಲ್ಲಿ ಮತ್ತೆ ಅದೇ ಕಾರಣಕ್ಕೆ, ಅದೇ ಬೆಟ್ಟಕ್ಕೆ. ತಂಪು ಗಾಳಿ, ಮಿತ ಆಹಾರ, ಮೌನ. ಅಂದಿನ ವೈದ್ಯಶಾಸ್ತ್ರದ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಪ್ರಕಟಿಸಿದ ದಾಖಲೆಗಳ ಪ್ರಕಾರ 1937ರ ಅಕ್ಟೋಬರಿನಲ್ಲಿ ಅವರ ಒತ್ತಡ 194/130 ಇತ್ತು, 1940ರ ಫೆಬ್ರವರಿಯಲ್ಲಿ 220/110. ಅದೇ ವರ್ಷಗಳಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರದ್ದೂ ಏರುತ್ತಲೇ ಇತ್ತು. 1944ರ ಮಾರ್ಚಿನಲ್ಲಿ ಹೃದಯತಜ್ಞರು ಅಳೆದಾಗ 186/108. ಜಗತ್ತಿನ ಅತ್ಯುತ್ತಮ ವೈದ್ಯರು ಸುತ್ತ ಇದ್ದರೂ ಅವರಿಗೆ ಕೊಡಬಹುದಾಗಿದ್ದದ್ದು ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಊಟ ಮತ್ತು ಹೃದಯಕ್ಕೊಂದು ಹಳೆಯ ಔಷಧಿ. 1945ರ ಏಪ್ರಿಲ್ 12ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ, 63ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಕಾಲದ ಬಹಳ ವೈದ್ಯರು ಈ ಒತ್ತಡವನ್ನು ಇಳಿಸುವುದೇ ಅಪಾಯ ಎಂದು ನಂಬಿದ್ದರು. ವಯಸ್ಸಾದಂತೆ ನಾಳಗಳು ಗಡುಸಾಗುತ್ತವೆ, ಅವುಗಳಲ್ಲಿ ರಕ್ತ ಹರಿಯಲು ಹೆಚ್ಚಿನ ಒತ್ತಡ ಅಗತ್ಯ ಎಂಬುದು ಅವರ ತರ್ಕ.

ಇಲ್ಲಿ ಜಾಣ ಕೇಳುಗರು ಒಂದು ಪ್ರಶ್ನೆ ಎತ್ತಬಹುದು. 220 ಇದ್ದ ಗಾಂಧೀಜಿ ಆಮೇಲೂ ಉಪವಾಸ ಮಾಡಿದರು, ಸೆರೆಮನೆ ಕಂಡರು, ನೌಖಾಲಿಯಲ್ಲಿ ಬರಿಗಾಲಲ್ಲಿ ನಡೆದರು. ಅವರ ಜೀವ ತೆಗೆದದ್ದು ಗುಂಡು, ರಕ್ತದೊತ್ತಡವಲ್ಲ. ಹಾಗಿದ್ದ ಮೇಲೆ ಈ ಅಂಕಿಗೆ ಅಷ್ಟು ಹೆದರುವುದೇಕೆ? ಪ್ರತಿ ಊರಿನಲ್ಲೂ ಈ ವಾದಕ್ಕೊಂದು ಸ್ಥಳೀಯ ಆವೃತ್ತಿ ಇರುತ್ತದೆ. ಉಪ್ಪಿನಕಾಯಿ ನಂಜಿಕೊಂಡು, ಮಾತ್ರೆಯ ಮುಖ ನೋಡದೆ ತೊಂಬತ್ತು ದಾಟಿದ ಒಬ್ಬ ಅಜ್ಜನ ಕಥೆ. ಕಥೆ ನಿಜವೇ ಇರಬಹುದು. ಐವತ್ತೆರಡಕ್ಕೇ ಲಕ್ವ ಹೊಡೆದು ಹೋದವರು ಎದುರಿಗೆ ಕೂತು ವಾದ ಮಾಡಲು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಗಾಂಧೀಜಿಯ ಉದಾಹರಣೆ ಕೊಟ್ಟವರಿಗೆ ರೂಸ್‌ವೆಲ್ಟ್ ಉದಾಹರಣೆ ಕೊಟ್ಟರೆ ಲೆಕ್ಕ ಚುಕ್ತಾ ಆಗುತ್ತದೆ, ಆದರೆ ಜ್ಞಾನ ಹೆಚ್ಚುವುದಿಲ್ಲ. ಒಬ್ಬೊಬ್ಬರ ಬದುಕಿನಿಂದ ಈ ರೋಗದ ಸ್ವಭಾವ ತಿಳಿಯುವುದೇ ಇಲ್ಲ. ಒಂದೇ ಬಗೆಯ ಒತ್ತಡ ಇರುವ ಬಹಳ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರುವ ಹುಸಿಮಾತ್ರೆ ಕೊಟ್ಟು, ಎಣಿಸಬೇಕು.

ಎಣಿಸಿದರು. ಎಡ್ವರ್ಡ್ ಫ್ರೈಸ್ ಎಂಬ ವೈದ್ಯರ ಮುಂದಾಳುತನದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ನಡೆಸಿದ ಪ್ರಯೋಗದ ಫಲಿತಾಂಶ 1967ರಲ್ಲಿ ಹೊರಬಂತು. ಕೆಳಗಿನ ಅಂಕಿ, ಅಂದರೆ ಹೃದಯ ಸಡಿಲಗೊಂಡಾಗಿನ ಒತ್ತಡ, 115ರಿಂದ 129ರ ತನಕ ಇದ್ದ 143 ಗಂಡಸರು. 73 ಮಂದಿಗೆ ಔಷಧಿ, 70 ಮಂದಿಗೆ ಹುಸಿಮಾತ್ರೆ. ಸರಾಸರಿ ಎರಡು ವರ್ಷವೂ ತುಂಬುವ ಮೊದಲೇ ಹುಸಿಮಾತ್ರೆಯ ಪಾಲಿನಲ್ಲಿ 27 ದೊಡ್ಡ ಅನಾಹುತಗಳು ಆಗಿದ್ದವು, ಔಷಧಿಯ ಪಾಲಿನಲ್ಲಿ ಎರಡು. ಆ ಕಡೆ ನಾಲ್ಕು ಸಾವು, ಈ ಕಡೆ ಒಂದೂ ಇಲ್ಲ. ಒತ್ತಡ ಇಳಿಸಿದರೆ ಅಪಾಯ ಎಂಬ ಹಳೆಯ ತರ್ಕಕ್ಕೆ ಇಷ್ಟು ಸಾಕಾಯಿತು. ಈ ಪ್ರಯೋಗದಲ್ಲಿ ಕೊಟ್ಟ ಮೂರು ಔಷಧಿಗಳಲ್ಲಿ ಒಂದರ ಹೆಸರು ರಿಸರ್ಪಿನ್. ಅದು ಬಂದದ್ದು ನಮ್ಮ ಸರ್ಪಗಂಧಿಯ ಬೇರಿನಿಂದ. 1931ರಲ್ಲಿ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಆ ಬೇರು ಒತ್ತಡ ಇಳಿಸುವುದನ್ನು ಬರೆದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 50 ರೋಗಿಗಳಿಗೆ ಅದನ್ನು ಕೊಟ್ಟು, ಅಳೆದು, 1949ರಲ್ಲಿ ಬ್ರಿಟನ್ನಿನ ಹೃದಯವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರು ವರ್ಷಗಳಲ್ಲಿ ಸ್ವಿಸ್ ರಸಾಯನಶಾಸ್ತ್ರಜ್ಞರು ಅದರ ಸಾರವನ್ನು ಬೇರ್ಪಡಿಸಿದರು. "ಇಂಗ್ಲಿಷ್ ಮಾತ್ರೆ ಬೇಡ, ಬೇರು ನಾರು ಸಾಕು" ಎನ್ನುವವರೂ, ನಾಟಿ ಮದ್ದೆಂದರೆ ಮೂಗು ಮುರಿಯುವವರೂ ಈ ಕಥೆಯನ್ನು ಒಟ್ಟಿಗೆ ಕೂತು ಕೇಳಬೇಕು. ಬೇರು ಕೆಲಸ ಮಾಡಿತು. ಎಷ್ಟು ಮಾಡಿತು ಎಂಬುದು ಗೊತ್ತಾದದ್ದು ಅಳೆದದ್ದರಿಂದ. ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಕೆಲವರಲ್ಲಿ ಖಿನ್ನತೆ ತರುತ್ತದೆಂದು ಕಂಡದ್ದೂ, ಮುಂದೆ ಅದಕ್ಕಿಂತ ಒಳ್ಳೆಯ ಔಷಧಿಗಳು ಬಂದಾಗ ಅದು ಹಿಂದೆ ಸರಿದದ್ದೂ ಅಳತೆಯಿಂದಲೇ. ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಪುಡಿಯೊಂದು ನಿಮ್ಮ ಒತ್ತಡ ಇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾಡಮದ್ದೋ ಪರದೇಶಿಯೋ ಎಂದು ಕೇಳುವ ಅಗತ್ಯವಿಲ್ಲ, ಯಾರು ಅಳೆದರು ಎಂದು ಕೇಳಿದರೆ ಆಯಿತು.

ಫ್ರೈಸ್ ಪ್ರಯೋಗದ ಆ ಗಂಡಸರದ್ದು ವಿಪರೀತ ಒತ್ತಡ, ನನ್ನದು ಬರೀ 150, ನನಗೇಕೆ ಇದೆಲ್ಲ ಎಂಬುದು ಮುಂದಿನ ಆಕ್ಷೇಪ. ಇದರಲ್ಲಿ ಹುರುಳಿದೆ. 2002ರಲ್ಲಿ 61 ಅಧ್ಯಯನಗಳ ಹತ್ತು ಲಕ್ಷ ಜನರ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇಷ್ಟು: 40ರಿಂದ 69ರ ವಯಸ್ಸಿನವರಲ್ಲಿ, 115ರಿಂದ ಆಚೆಗೆ ಮೇಲಿನ ಅಂಕಿ 20 ಏರಿದಂತೆಲ್ಲ ಪಾರ್ಶ್ವವಾಯುವಿನಿಂದ, ಹೃದಯಾಘಾತದಿಂದ ಸಾಯುವ ಸಂಭವ ಸರಿಸುಮಾರು ದುಪ್ಪಟ್ಟಾಗುತ್ತ ಹೋಗುತ್ತದೆ. ಇಲ್ಲಿಯ ತನಕ ಕ್ಷೇಮ, ಇಲ್ಲಿಂದ ಅಪಾಯ ಎಂಬ ಗಡಿಕಲ್ಲು ಎಲ್ಲೂ ನೆಟ್ಟಿಲ್ಲ. 140/90 ಎಂಬುದು ಚಿಕಿತ್ಸೆಯ ಅನುಕೂಲಕ್ಕೆ ವೈದ್ಯರು ಎಳೆದುಕೊಂಡ ಗೆರೆ. 150 ಇರುವ ನೂರು ಜನ ಐದು ವರ್ಷ ಮಾತ್ರೆ ನುಂಗಿದರೆ ಅವರಲ್ಲಿ ಹೆಚ್ಚಿನವರಿಗೆ ಕಣ್ಣಿಗೆ ಕಾಣುವ ಲಾಭ ಏನೂ ಆಗುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮಾತ್ರೆ ಇಲ್ಲದೆಯೂ ಆ ಐದು ವರ್ಷ ಅವರಿಗೆ ಏನೂ ಆಗುತ್ತಿರಲಿಲ್ಲ. ಮಾತ್ರೆಯಿಂದ ಉಳಿಯುವುದು ಕೆಲವರು. ಆ ಕೆಲವರು ಯಾರೆಂದು ಮೊದಲೇ ಹೇಳುವ ಯಂತ್ರ ಇಲ್ಲವಾದ್ದರಿಂದ ಎಲ್ಲರೂ ನುಂಗಬೇಕಾಗಿದೆ. ಮೂರು ಲಕ್ಷಕ್ಕೂ ಮಿಕ್ಕ ಜನರ ಪ್ರಯೋಗಗಳನ್ನು ಕೂಡಿಸಿ 2021ರಲ್ಲಿ ತೆಗೆದ ಲೆಕ್ಕದಲ್ಲಿ ಮೇಲಿನ ಅಂಕಿ ಬರೀ 5 ಇಳಿದರೆ ಇಂಥ ಅನಾಹುತಗಳು ನೂರಕ್ಕೆ ಸುಮಾರು 10ರಷ್ಟು ತಗ್ಗಿದವು. ಐದು ಅಂಕಿ ಎಂದರೆ ಯಾರ ಅನುಭವಕ್ಕೂ ಬರುವಂಥದ್ದಲ್ಲ. ಅನಿಸಿಕೆಯನ್ನು ನೆಚ್ಚಿದವರಿಗೆ ಈ ಲಾಭ ದಕ್ಕದೇ ಹೋಗುವುದು ಇದೇ ಕಾರಣಕ್ಕೆ.

ವಯಸ್ಸಿಗೆ ನೂರು ಕೂಡಿಸಿದರೆ ಬರುವುದೇ ಸರಿಯಾದ ಬಿ.ಪಿ. ಎಂಬ ಲೆಕ್ಕ ಇನ್ನೂ ಕೆಲವರ ಬಾಯಲ್ಲಿದೆ. ವಯಸ್ಸಾದಂತೆ ಒತ್ತಡ ಏರುವುದು ತಲೆ ನರೆತಷ್ಟೇ ಸಹಜ ಎಂಬ ಭಾವನೆ ಅದರ ಹಿಂದಿದೆ. 32 ದೇಶಗಳ 52 ಕಡೆ ನಡೆದು 1988ರಲ್ಲಿ ಪ್ರಕಟವಾದ ಇಂಟರ್‌ಸಾಲ್ಟ್ ಎಂಬ ಅಧ್ಯಯನದಲ್ಲಿ ಬ್ರೆಜಿಲಿನ ಕಾಡಿನ ಯಾನೊಮಾಮಿ ಜನರೂ ಇದ್ದರು. ಉಪ್ಪು ಬಳಸುವುದನ್ನೇ ಅರಿಯದ ಅವರ ಸರಾಸರಿ ಒತ್ತಡ ಸುಮಾರು 95/61, ಮತ್ತು ಅದು ವಯಸ್ಸಿನೊಂದಿಗೆ ಏರುವುದೇ ಇಲ್ಲ. ಅವರ ಬದುಕಿನಲ್ಲಿ ಉಪ್ಪಿನ ಹೊರತಾಗಿಯೂ ನಮಗಿಂತ ಬೇರೆಯಾದದ್ದು ನೂರಿದೆ, ಆದ್ದರಿಂದ ಎಲ್ಲವನ್ನೂ ಉಪ್ಪಿನ ತಲೆಗೇ ಕಟ್ಟಲಾಗದು. ಆದರೂ ಏರುವುದು ಮನುಷ್ಯ ದೇಹದ ಹಣೆಬರಹವಲ್ಲ ಎಂಬುದಕ್ಕೆ ಆ ಒಂದು ಜನಾಂಗ ಸಾಕ್ಷಿ.

ಉಪ್ಪಿನ ಮಾತು ಬಂದದ್ದರಿಂದ ಅಡಿಗೆಮನೆಗೆ ಹೋಗಿಯೇ ಬರೋಣ. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆ ಕಟ್ಟಿದ ಜನ ನಾವು. ಹಬ್ಬದೂಟದಲ್ಲಿ ಬಾಳೆಲೆಯ ತುದಿಗೆ ಮೊದಲು ಬೀಳುವುದೇ ಚಿಟಿಕೆ ಉಪ್ಪು. ಆಮೇಲೆ ಅದರ ಪಕ್ಕಕ್ಕೆ ಉಪ್ಪಿನಕಾಯಿ, ಕೋಸಂಬರಿ, ಹಪ್ಪಳ, ಬಾಳಕದ ಮೆಣಸಿನಕಾಯಿ. ಕೊನೆಗೆ ಮಜ್ಜಿಗೆ, ಅದಕ್ಕೂ ಉಪ್ಪು. ಕರಾವಳಿಯಾದರೆ ಗಂಜಿಯ ಜೊತೆಗೆ ಒಣಮೀನು. ಸಂಜೆ ಬೇಕರಿಯ ಖಾರಾ ಬನ್ನು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ತಲೆಸವರಿದ ಒಂದು ಚಹಾ ಚಮಚ, ಎಲ್ಲವೂ ಸೇರಿ. ನಮ್ಮ ದೇಶದ ಸರಾಸರಿ 8ರಿಂದ 10 ಗ್ರಾಂ. ಬಿಸಿಲೂರಿನವರು ಇಲ್ಲಿ ತಡೆಯುತ್ತಾರೆ: ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆವರಿನ ಜೊತೆ ಉಪ್ಪು ಹರಿದುಹೋಗುವುದಿಲ್ಲವೆ? ಹೋಗುತ್ತದೆ. ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ಒಂದಿಷ್ಟು ರಿಯಾಯಿತಿ ಉಂಟು. ಫ್ಯಾನಿನ ಕೆಳಗೆ ಕೂತು ಲೆಕ್ಕ ಬರೆಯುವವರು ಆ ರಿಯಾಯಿತಿಯನ್ನು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುವಂತಿಲ್ಲ. ಸೈಂಧವ ಲವಣ ತಿಂದರೆ ತೊಂದರೆಯಿಲ್ಲ ಎಂಬುದು ಇನ್ನೊಂದು ಸಮಾಧಾನ. ಬಣ್ಣ ನಸುಗೆಂಪಾದರೂ ಅದೂ ಹೆಚ್ಚುಕಡಿಮೆ ಪೂರಾ ಸೋಡಿಯಂ ಕ್ಲೋರೈಡೇ. ಬೆಲೆ ಹೆಚ್ಚು, ಹಲವು ಸಲ ಅದರಲ್ಲಿ ಅಯೋಡಿನ್ ಸೇರಿಸಿರುವುದೂ ಇಲ್ಲ. ಇದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ. ಸುಮಾರು 21 ಸಾವಿರ ಜನ. ಹಿಂದೆ ಪಾರ್ಶ್ವವಾಯು ಆದವರು, ಇಲ್ಲವೇ ಒತ್ತಡವಿದ್ದ ಅರವತ್ತು ದಾಟಿದವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಇನ್ನರ್ಧಕ್ಕೆ ನಾಲ್ಕರಲ್ಲೊಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಅಡಿಗೆ ಅದೇ, ಒಲೆ ಅದೇ, ಡಬ್ಬಿಯೊಳಗಿನದು ಮಾತ್ರ ಬೇರೆ. ಐದು ವರ್ಷಗಳಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು, ಸಾವು 12ರಷ್ಟು ಕಡಿಮೆಯಾದವು. ಇಂಥ ಉಪ್ಪು ನಮ್ಮ ಪೇಟೆಯಲ್ಲೂ ಸಿಗುತ್ತದೆ. ಆದರೆ ಕಿಡ್ನಿ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ಕೆಡಿಸಬಹುದು. ಒತ್ತಡದ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಅಂಥವರು ವೈದ್ಯರನ್ನು ಕೇಳದೆ ಡಬ್ಬಿ ಬದಲಾಯಿಸಬಾರದು.

ಇನ್ನು ಮಾತ್ರೆ. "ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲವಂತೆ" ಎಂಬ ಮಾತಿನಷ್ಟು ಜನರನ್ನು ಔಷಧಿಯಿಂದ ದೂರ ಇಟ್ಟದ್ದು ಇನ್ನೊಂದಿಲ್ಲ. ಮಾತ್ರೆ ಚಟ ಹಿಡಿಸುತ್ತದೆ ಎಂಬ ಅರ್ಥದಲ್ಲಿ ಇದನ್ನು ಹೇಳುತ್ತಾರೆ. ಬಿಡದೆ ಹಿಡಿದಿರುವುದು ರೋಗ. ಮಾತ್ರೆ ಅದನ್ನು ಆ ದಿನದ ಮಟ್ಟಿಗೆ ತಡೆಯುತ್ತದೆ. ಅಂಕಿ 130ಕ್ಕೆ ಇಳಿಯಿತೆಂದು ಮಾತ್ರೆ ನಿಲ್ಲಿಸುವುದು, ಬೇಲಿ ಹಾಕಿದ ಮೇಲೆ ದನ ನುಗ್ಗಲೇ ಇಲ್ಲ ಎಂದು ಬೇಲಿ ಕಿತ್ತ ಹಾಗೆ. ತೂಕ ಇಳಿಸಿ, ಉಪ್ಪು ತಗ್ಗಿಸಿ, ದಿನಾ ನಡೆದು, ಕುಡಿತ ಬಿಟ್ಟವರಲ್ಲಿ ಕೆಲವರಿಗೆ ಪ್ರಮಾಣ ಕಡಿಮೆ ಮಾಡಲು, ಒಮ್ಮೊಮ್ಮೆ ನಿಲ್ಲಿಸಲೂ ಸಾಧ್ಯವಾಗುತ್ತದೆ. ಅಂಕಿ ನೋಡುತ್ತ ವೈದ್ಯರು ಮಾಡಬೇಕಾದ ಕೆಲಸ ಅದು. ಅಡ್ಡಪರಿಣಾಮಗಳೂ ಸುಳ್ಳಲ್ಲ. ಅಮ್ಲೊಡಿಪಿನ್ ಕೆಲವರ ಪಾದ ಊದಿಸುತ್ತದೆ, ಇನ್ನೊಂದು ಜಾತಿಯ ಮಾತ್ರೆ ಒಣಕೆಮ್ಮು ತರುತ್ತದೆ. ಮೇಲಿನ ಅಂಕಿಯನ್ನು 140ರ ಬದಲು 120ರ ಕೆಳಗೆ ಇಳಿಸಿ ನೋಡಿದ ಸ್ಪ್ರಿಂಟ್ ಎಂಬ ಅಮೆರಿಕದ ಪ್ರಯೋಗ 2015ರಲ್ಲಿ ಅವಧಿಗೆ ಮೊದಲೇ ನಿಂತಿತು; ಇಳಿಸಿದವರಲ್ಲಿ ಸಾವು ನೂರಕ್ಕೆ 27ರಷ್ಟು ಕಡಿಮೆ ಕಂಡಿತ್ತು. ಅವರಲ್ಲೇ ತಲೆಸುತ್ತಿ ಬೀಳುವುದು, ಕಿಡ್ನಿಗೆ ಪೆಟ್ಟಾಗುವುದು ಹೆಚ್ಚಾಗಿಯೂ ಇತ್ತು. ಹಾಸಿಗೆಯಿಂದ ಎದ್ದೊಡನೆ ಕಣ್ಣು ಕತ್ತಲೆ ಬರುವ ಎಂಬತ್ತರ ಅಜ್ಜಿಗೂ, ಐವತ್ತರ ಬಸ್ ಚಾಲಕನಿಗೂ ಒಂದೇ ಗುರಿ ಇಡಬೇಕಿಲ್ಲ. ಕಾಲು ಊದಿದರೆ ಬೇರೆ ಮಾತ್ರೆ ಕೇಳುವುದು ದಾರಿ, ಹೇಳದೆ ಬಿಟ್ಟುಬಿಡುವುದಲ್ಲ. ಬೆಲೆಯ ನೆಪ ಹೇಳುವಂತಿಲ್ಲ. ಜನೌಷಧಿ ಅಂಗಡಿಯಲ್ಲಿ ಅಮ್ಲೊಡಿಪಿನ್ನಿನ ಹತ್ತು ಮಾತ್ರೆಯ ಪಟ್ಟಿಗೆ ಹೋಟೆಲಿನ ಒಂದು ಕಾಫಿಯಷ್ಟೂ ಆಗುವುದಿಲ್ಲ. ನಂದಿ ಬೆಟ್ಟದ ಗಾಳಿ ಮಾಡಲಾಗದ್ದನ್ನು ಆ ಮಾತ್ರೆ ಮಾಡುತ್ತದೆ, ನುಂಗಿದ ದಿನ ಮಾತ್ರ. ತಲೆ ಭಾರ ಎನಿಸಿದ ದಿನ ನುಂಗುವವರು, ಏಕಾದಶಿಯ ಉಪವಾಸಕ್ಕೆ ಬಿಡುವವರು, ಡಾಕ್ಟರ ಬಳಿ ಹೋಗುವ ಬೆಳಿಗ್ಗೆ ನೆನಪಿಟ್ಟು ನುಂಗುವವರು, ಇವರೆಲ್ಲ ಔಷಧಿಗೆ ದುಡ್ಡು ಕೊಟ್ಟೂ ಫಲ ಪಡೆಯದವರು.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಭಾರತದಲ್ಲಿ 30ರಿಂದ 79ರ ವಯಸ್ಸಿನ ಸುಮಾರು 18 ಕೋಟಿ 80 ಲಕ್ಷ ಜನರಿಗೆ ಅಧಿಕ ರಕ್ತದೊತ್ತಡವಿದೆ. ಅಂಥ ನೂರು ಜನರಲ್ಲಿ ಅದು ಪತ್ತೆಯಾಗಿರುವುದು 37 ಜನರಲ್ಲಿ, ಔಷಧಿ ತೆಗೆದುಕೊಳ್ಳುತ್ತಿರುವುದು 30, ಹತೋಟಿಯಲ್ಲಿರುವುದು 15. ಸೋರಿಕೆ ದೊಡ್ಡದಾಗಿರುವುದು ಮೊದಲ ಹೆಜ್ಜೆಯಲ್ಲೇ. 63 ಜನರ ತೋಳಿಗೆ ಪಟ್ಟಿ ಸುತ್ತಿದ್ದೇ ಇಲ್ಲ, ಇಲ್ಲವೇ ಸುತ್ತಿದವರು ಹೇಳಿಲ್ಲ. 2017ರಲ್ಲಿ ಐದು ರಾಜ್ಯಗಳಲ್ಲಿ ಶುರುವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಹೊಸ ಔಷಧಿ ಏನೂ ಹುಡುಕಲಿಲ್ಲ. ಎಲ್ಲ ಆರೋಗ್ಯ ಕೇಂದ್ರಗಳಲ್ಲೂ ಒಂದೇ ಕ್ರಮದ ಕೆಲವೇ ಔಷಧಿ, ಒಂದು ಸಲಕ್ಕೆ 30 ದಿನದ ಮಾತ್ರೆ, ಬಾರದವರಿಗೆ ಫೋನು, ಇಂಥ ಸಪ್ಪೆ ಕೆಲಸಗಳನ್ನು ತಪ್ಪದೆ ಮಾಡಿತು. ವಾರಕ್ಕೊಂದು ಸಲ ಮಾತ್ರೆಗಾಗಿ ಕೂಲಿ ಬಿಟ್ಟು ಬಾ ಎಂದರೆ ಯಾರೂ ಬರುವುದಿಲ್ಲ. ಅದಕ್ಕೆ ರೋಗಿಯ ಅಜ್ಞಾನವನ್ನು ದೂರಿ ಪ್ರಯೋಜನವಿಲ್ಲ.

ಅಳೆಯುವುದಕ್ಕೂ ಒಂದು ರೀತಿಯಿದೆ, ಕೇಂದ್ರಗಳ ಗಡಿಬಿಡಿಯಲ್ಲಿ ಮೊದಲು ಕೈಬಿಟ್ಟುಹೋಗುವುದು ಅದೇ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತಿರಬೇಕು, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಪಕ್ಕಕ್ಕೆ ಜೋತುಬಿಟ್ಟರೆ ಅಂಕಿ ಆರೇಳು ಹೆಚ್ಚು ತೋರುತ್ತದೆ. ಪಟ್ಟಿ ಬರಿತೋಳಿಗೆ, ಅಂಗಿಯ ತೋಳಿನ ಮೇಲಲ್ಲ. ಪಕ್ಕದವರ ಜೊತೆ ಮಾತು ಬೇಡ. ಒಂದೆರಡು ನಿಮಿಷ ಬಿಟ್ಟು ಎರಡನೆಯ ಸಲ ನೋಡಬೇಕು. ಬಿಳಿ ಕೋಟು ಕಂಡರೇ ಏರುತ್ತದೆ ಎನ್ನುವವರು ಮನೆಯಲ್ಲಿ ಇದೇ ರೀತಿಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಅಳೆದು ಬರೆದು ತಂದರೆ ವೈದ್ಯರಿಗೆ ಉಪಕಾರವೇ ಆಗುತ್ತದೆ. ಎಲ್ಲ ಮುಗಿದ ಮೇಲೆ ಸಿಬ್ಬಂದಿ "ನಾರ್ಮಲ್ ಇದೆ, ಹೋಗಿ" ಎಂದರೆ ಏಳಬೇಡಿ. ಮೇಲಿನ ಅಂಕಿ ಎಷ್ಟು, ಕೆಳಗಿನದು ಎಷ್ಟು ಎಂದು ಕೇಳಿ, ಚೀಟಿಯ ಮೇಲೆ ತಾರೀಕು ಹಾಕಿ ಬರೆಸಿಕೊಳ್ಳಿ. ಈ ತಿಂಗಳ 148ರಿಂದ ಮುಂದಿನ ತಿಂಗಳ 136ನ್ನು ಕಳೆಯಬಹುದು. ಒಂದು ನಾರ್ಮಲ್‌ನಿಂದ ಇನ್ನೊಂದು ನಾರ್ಮಲ್ ಕಳೆಯಲು ಬರುವುದಿಲ್ಲ.